ಕಂಡದ್ದನ್ನು ನುಡಿಯುವುದು: ನಿಸರ್ಗ ವೀಕ್ಷಣೆಯಿಂದ ಸಭೆಯ ಮಾತಿನೆಡೆಗೆ

ಪೀಠಿಕೆ

ಭಾಷಾ ಬೋಧನೆಯಲ್ಲಿ ಆಲಿಸುವುದು ಮತ್ತು ಆಲೋಚಿಸಿ ಮಾತನಾಡುವುದು ಮೊದಲ ಸಾಮರ್ಥ್ಯಗಳೆಂದು ಪರಿಗಣಿತವಾಗಿವೆ. ಆದರೆ ಓದು ಬರಹಗಳಿಗೆ ದೊರೆಯುವ ಕಾಲಾವಕಾಶ ಮಾತಿಗೆ ದೊರೆಯುವುದು ಅಪರೂಪ. ಸ್ವಾತಂತ್ರ್ಯ ದಿನಾಚರಣೆಯೋ ಬಾಲಸಭೆಯೋ ಸಮೀಪಿಸಿದಾಗ ಉಪಾಧ್ಯಾಯರು ಒಂದು ಭಾಷಣವನ್ನು ಬರೆದುಕೊಡುತ್ತಾರೆ; ಚುರುಕಾದ ವಿದ್ಯಾರ್ಥಿಯೊಬ್ಬ ಅದನ್ನು ಕಂಠಪಾಠ ಮಾಡುತ್ತಾನೆ; ನಡುವೆ ಒಂದು ಪದ ಮರೆತರೆ ಇಡೀ ಭಾಷಣ ಅಲ್ಲಿಗೇ ನಿಲ್ಲುತ್ತದೆ. ಉಳಿದ ಮಕ್ಕಳು ಚಪ್ಪಾಳೆ ತಟ್ಟುವುದಕ್ಕಷ್ಟೇ ಸೀಮಿತರಾಗುತ್ತಾರೆ.

ಅದೇ ಮಕ್ಕಳು ಪಾಠಶಾಲೆ ಬಿಟ್ಟ ಮೇಲೆ ಹೊಳೆಯ ದಂಡೆಯಲ್ಲಿ, ಹೊಲದ ಬದುವಿನಲ್ಲಿ, ಹುಣಸೆ ಮರದ ಕೆಳಗೆ ಎಡೆಬಿಡದೆ ಮಾತನಾಡುತ್ತಾರೆ. ಯಾವ ಮರದಲ್ಲಿ ಗಿಳಿ ಮರಿಮಾಡಿದೆ, ಯಾವ ಹಳ್ಳಕ್ಕೆ ಹೊಸ ನೀರು ಬಂದಿದೆ, ಯಾರ ಹೊಲದಲ್ಲಿ ಚಿಗರಿಗಳು ಮೇಯ್ದಿವೆ ಎಂಬುದನ್ನೆಲ್ಲ ವಿವರವಾಗಿ ಹೇಳಬಲ್ಲರು. ಅಂದರೆ ಮಗುವಿನಲ್ಲಿ ಮಾತಿನ ಕೊರತೆಯಿಲ್ಲ. ಮಗುವಿಗೆ ಗೊತ್ತಿರುವ ವಿಷಯಕ್ಕೂ ಸಭೆಗೂ ನಡುವೆ ಸೇತುವೆಯಿಲ್ಲ. ಆ ಸೇತುವೆಯನ್ನು ಕಟ್ಟುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಉದ್ದೇಶಗಳು

ಈ ಪಾಠವನ್ನು ಅನುಸರಿಸಿದ ಉಪಾಧ್ಯಾಯರು
1. ಪಾಠಶಾಲೆಯ ಸುತ್ತಲಿನ ನಿಸರ್ಗವನ್ನು ಮಕ್ಕಳು ಸಂತೋಷದಿಂದ ಗಮನಿಸುವಂತೆ ಮಾಡಬಲ್ಲರು;
2. ಕಂಡ ಸಂಗತಿಯನ್ನು ಕ್ರಮವಾಗಿ ಹೇಳುವ ಅಭ್ಯಾಸವನ್ನು ರೂಢಿಸಬಲ್ಲರು;
3. ಮನೆಮಾತು, ಗ್ರಾಂಥಿಕ ಕನ್ನಡ ಮತ್ತು ತೆಲುಗು ಈ ಮೂರನ್ನೂ ಮಗುವಿನ ಬಲವಾಗಿ ಬಳಸಬಲ್ಲರು;
4. ಒಂದು ವಿಷಯಕ್ಕೆ ಎರಡು ಪಕ್ಷಗಳಿದ್ದಾಗ ಅಂಜದೆ, ನೋಯಿಸದೆ ಮಾತನಾಡುವುದನ್ನು ಕಲಿಸಬಲ್ಲರು.

ಹಿನ್ನೆಲೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಿಂದಿನ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. ಮುಂದೆ 2016ರಲ್ಲಿ ಜೋಗುಲಾಂಬ ಗದ್ವಾಲ್ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ರೂಪುಗೊಂಡವು. ಗೆರೆಗಳು ಬದಲಾದರೂ ಗಡಿಯ ಊರುಗಳ ಮನೆಮಾತು ಬದಲಾಗಲಿಲ್ಲ. ಅದೇ 1956ರಲ್ಲಿ ಸಂವಿಧಾನಕ್ಕೆ ಸೇರಿಸಲಾದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಸೂಚಿಸುತ್ತದೆ. 2018ರ ತೆಲಂಗಾಣ ಅಧಿನಿಯಮದಂತೆ ತೆಲುಗಿನ ಕಲಿಕೆಯೂ ಎಲ್ಲ ಪಾಠಶಾಲೆಗಳಲ್ಲಿ ಕಡ್ಡಾಯವಾಗಿದೆ.

ಹೀಗಾಗಿ ಇಲ್ಲಿನ ಮಗು ಮನೆಯಲ್ಲಿ ಒಂದು ಕನ್ನಡವನ್ನು, ಪುಸ್ತಕದಲ್ಲಿ ಇನ್ನೊಂದು ಕನ್ನಡವನ್ನು, ಸಂತೆ ಮತ್ತು ಕಚೇರಿಗಳಲ್ಲಿ ತೆಲುಗನ್ನು ಕೇಳುತ್ತದೆ. ಯಾವುದು ಸರಿ ಎಂಬ ಅನುಮಾನ ಮೂಡಿದ ಮಗು ಸಭೆಯಲ್ಲಿ ಸುಮ್ಮನಾಗುತ್ತದೆ. ಹತ್ತನೆಯ ತರಗತಿಯ ಅನಂತರ ಬೇರೆ ಮಾಧ್ಯಮಕ್ಕೆ ಹೋಗಬೇಕಾದಾಗ ಈ ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಭಾಷೆಯಲ್ಲಿ ಧೈರ್ಯವಾಗಿ ಮಾತನಾಡಲು ಕಲಿತ ಮಗು ಆ ಧೈರ್ಯವನ್ನು ಮತ್ತೊಂದು ಭಾಷೆಗೂ ಕೊಂಡೊಯ್ಯುತ್ತದೆ. ಆದ್ದರಿಂದ ಕನ್ನಡ ಮಾಧ್ಯಮದ ತರಗತಿಯಲ್ಲಿ ಮಾತಿನ ಅಭ್ಯಾಸವು ಮಗುವಿನ ಮುಂದಿನ ವಿದ್ಯಾಭ್ಯಾಸದ ಬುನಾದಿಯಾಗಿದೆ.

ನಿಸರ್ಗವೇ ಏಕೆ?

ಮಾತಿಗೆ ವಿಷಯ ಬೇಕು. ಬರೆದುಕೊಟ್ಟ ಭಾಷಣದ ವಿಷಯ ಉಪಾಧ್ಯಾಯರದು. ಕಣ್ಣಾರೆ ಕಂಡ ಹಕ್ಕಿಯ ವಿಷಯ ಮಗುವಿನದು. ಕಂಡದ್ದನ್ನು ಹೇಳುವಾಗ ಮರೆಯಬೇಕಾದ ಪದವೇ ಇರುವುದಿಲ್ಲ. ಒಂದು ಪದ ಹೊಳೆಯದಿದ್ದರೆ ಇನ್ನೊಂದು ಪದದಿಂದ ಕೆಲಸ ಸಾಗುತ್ತದೆ. ಕೈಯಲ್ಲಿ ಒಂದು ಗರಿಯೋ ಕಾಯಿಯೋ ಇದ್ದಾಗ ಕೇಳುವವರ ದೃಷ್ಟಿ ಮಗುವಿನ ಮುಖದಿಂದ ಆ ವಸ್ತುವಿನ ಕಡೆಗೆ ಹರಿಯುತ್ತದೆ. ಅಂಜಿಕೆ ತಾನಾಗಿ ಕಡಿಮೆಯಾಗುತ್ತದೆ.

ಈ ವಿಚಾರ ಹೊಸದಲ್ಲ. ರವೀಂದ್ರನಾಥ ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಆರಂಭಿಸಿದ ಪಾಠಶಾಲೆಯ ತರಗತಿಗಳು ಮರಗಳ ಕೆಳಗೆ ನಡೆದವು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಗೆ ಪ್ರಕೃತಿ, ಆಟ ಮತ್ತು ನಾಟಕಗಳನ್ನು ಒಟ್ಟುಗೂಡಿಸಿದರು. ಉಕ್ರೇನಿನ ಪಾವ್ಲಿಶ್ ಎಂಬ ಹಳ್ಳಿಯಲ್ಲಿ 1948ರಿಂದ 1970ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಸುಖೋಮ್ಲಿನ್‌ಸ್ಕಿಯವರು ಪುಟ್ಟ ಮಕ್ಕಳನ್ನು ತೋಟಕ್ಕೂ ಹುಲ್ಲುಗಾವಲಿಗೂ ಕರೆದೊಯ್ದು, ಅಲ್ಲಿ ಕಂಡದ್ದರಿಂದ ಪುಟ್ಟ ಕಥೆಗಳನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದರು. ಇವರೆಲ್ಲರೂ ಮೊದಲು ಮಗುವಿಗೆ ಬೆರಗನ್ನು ನೀಡಿದರು. ಮಾತು ಅದರ ಹಿಂದೆ ಬಂದಿತು. ಹೆಸರು, ವರ್ಗ, ಉಪಯೋಗಗಳ ಪಟ್ಟಿಯಿಂದ ಆರಂಭಿಸಿದರೆ ನಿಸರ್ಗವೂ ಮತ್ತೊಂದು ಕಂಠಪಾಠವಾಗುತ್ತದೆ ಎಂಬುದನ್ನು ಮರೆಯಬಾರದು.

ಪ್ರದೇಶದ ಸಂಪತ್ತು

*ಎರಡು ಹೆಸರಿನ ಗಿಡಮರಗಳು:* ಬನ್ನಿಯನ್ನು ತೆಲುಗಿನಲ್ಲಿ ಜಮ್ಮಿ ಎನ್ನುತ್ತಾರೆ. ಅದು ತೆಲಂಗಾಣದ ರಾಜ್ಯವೃಕ್ಷ. ದಸರೆಯಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುವ ಪದ್ಧತಿ ಗಡಿಯ ಎರಡೂ ಕಡೆ ಇದೆ. ತಂಗಡಿಯ ಹಳದಿ ಹೂವು ತೆಲುಗಿನಲ್ಲಿ ತಂಗೇಡು. ಅದು ರಾಜ್ಯಪುಷ್ಪ, ಬತುಕಮ್ಮನ ಮುಖ್ಯ ಹೂವು. ನೀಲಕಂಠ ಪಕ್ಷಿ ತೆಲುಗಿನಲ್ಲಿ ಪಾಲಪಿಟ್ಟ; ಅದು ಕರ್ನಾಟಕ, ತೆಲಂಗಾಣ ಎರಡಕ್ಕೂ ರಾಜ್ಯಪಕ್ಷಿ. ಹಾಗೆಯೇ ಬೇವು-ವೇಪ, ಹುಣಸೆ-ಚಿಂತ, ಹೊಂಗೆ-ಕಾನುಗ, ಮುತ್ತುಗ-ಮೋದುಗ, ಜಾಲಿ-ತುಮ್ಮ. ಇಂತಹ ಜೋಡಿ ಹೆಸರುಗಳ ಪಟ್ಟಿಯನ್ನು ಮಕ್ಕಳೇ ತಯಾರಿಸಲಿ. ತನ್ನ ಬಳಿ ಒಂದೇ ಗಿಡಕ್ಕೆ ಎರಡು ಹೆಸರುಗಳಿವೆ ಎಂಬ ಅರಿವು ಮಗುವಿಗೆ ಹೆಮ್ಮೆ ತರುತ್ತದೆ.

*ಮುಂಗಾರು:* ಜ್ಯೇಷ್ಠ ಮಾಸದ ಹುಣ್ಣಿಮೆ ಕನ್ನಡದ ಮನೆಗಳಲ್ಲಿ ಕಾರಹುಣ್ಣಿಮೆ, ತೆಲುಗು ಮನೆಗಳಲ್ಲಿ ಏರುವಾಕ ಪೌರ್ಣಮಿ. ಎರಡೂ ಎತ್ತಿನ ಮತ್ತು ಬಿತ್ತನೆಯ ಹಬ್ಬಗಳೇ. ಪಾಠಶಾಲೆ ಪುನರಾರಂಭವಾಗುವುದೂ ಸರಿಸುಮಾರು ಆ ದಿನಗಳಲ್ಲಿಯೇ. ಮೊದಲ ಮಳೆಗೆ ನೆಲದಿಂದ ಹೊರಬರುವ, ಕೆಂಪು ಮಖಮಲಿನಂತಿರುವ ಪುಟ್ಟ ಜೀವಿಯನ್ನು ತೆಲುಗಿನಲ್ಲಿ ಆರುದ್ರ ಪುರುಗು ಎನ್ನುತ್ತಾರೆ. ಮಕ್ಕಳು ಅದರ ಕಾಲುಗಳನ್ನು ಎಣಿಸಲಿ. ಆರಲ್ಲ, ಎಂಟು ಎಂದು ಕಂಡುಕೊಂಡಾಗ ಅದು ಜೇಡದ ಬಳಗಕ್ಕೆ ಸೇರಿದ್ದೆಂಬುದನ್ನು ಉಪಾಧ್ಯಾಯರು ತಿಳಿಸಬಹುದು. ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರೆಂದು ಕೇಳಿ ಬರುವುದು ಮರುದಿನದ ಮಾತಿಗೆ ವಿಷಯವಾಗುತ್ತದೆ.

*ಮುದುಮಾಲದ ನಿಲುಗಲ್ಲುಗಳು:* ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ, ಕೃಷ್ಣಾ ನದಿಗೆ ಸಮೀಪದಲ್ಲಿರುವ ಮುದುಮಾಲದ ಬೃಹತ್ ಶಿಲೆಗಳು 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ನಿಲ್ಲಿಸಲಾದ ಸುಮಾರು 80 ಎತ್ತರದ ಕಲ್ಲುಗಳು ಅಲ್ಲಿವೆ. ಹಲವು 10ರಿಂದ 14 ಅಡಿ ಎತ್ತರದವು. ಸುತ್ತಲೂ ಸಾಲುಸಾಲಾಗಿ ಸಣ್ಣ ಕಲ್ಲುಗಳಿವೆ. ಒಂದು ಬಂಡೆಯ ಮೇಲೆ ಸಪ್ತರ್ಷಿ ಮಂಡಲವನ್ನು ಹೋಲುವ ಕುಳಿಗಳನ್ನು ಕೊರೆಯಲಾಗಿದೆ. ಈ ಸಾಲುಗಳು ಸೂರ್ಯನ ಚಲನೆಯನ್ನು ಗುರುತಿಸಲು ನೆರವಾಗುತ್ತಿದ್ದವೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಊರಿನವರು ಇವನ್ನು ನಿಲುವುಗಲ್ಲಿನ ತಿಮ್ಮಪ್ಪನೆಂದು ಭಾವಿಸುತ್ತಾರೆ. ಒಂದು ಕಲ್ಲು ಎಲ್ಲಮ್ಮನೆಂದು ಪೂಜೆ ಪಡೆಯುತ್ತದೆ. ಕಲ್ಲು, ನದಿ, ಆಕಾಶ ಮತ್ತು ನಂಬಿಕೆ ಒಂದೇ ಸ್ಥಳದಲ್ಲಿ ಕೂಡಿರುವುದರಿಂದ ಮಕ್ಕಳ ಮಾತಿಗೆ ಇದು ಸಮೃದ್ಧ ಕ್ಷೇತ್ರ.

*ನಡಿಗಡ್ಡೆ:* ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಗದ್ವಾಲ್ ಸೀಮೆಗೆ ನಡಿಗಡ್ಡೆಯೆಂಬ ಹೆಸರಿದೆ. ಮಳೆಗಾಲದಲ್ಲಿ ಜೂರಾಲ ಅಣೆಕಟ್ಟಿನ ಬಾಗಿಲುಗಳು ತೆರೆದ ಸುದ್ದಿ ಪ್ರತಿ ಮನೆಯನ್ನೂ ತಲಪುತ್ತದೆ. ಪೇಟೆಯ ಪಾಠಶಾಲೆಗಳಿಗೆ ಹೊಲ ದೂರವಾದರೂ ಮಗ್ಗ ಸಮೀಪವಿರುತ್ತದೆ. ಗದ್ವಾಲ್ ಸೀರೆಯ ಅಂಚಿನಲ್ಲಿ ನವಿಲು, ಮಾವಿನಕಾಯಿ, ರುದ್ರಾಕ್ಷಿಗಳಿವೆ. ನೇಕಾರರ ಮನೆಯ ಮಗು ಸೀರೆಯ ನವಿಲಿಗೂ ಬಯಲಿನ ನವಿಲಿಗೂ ಇರುವ ವ್ಯತ್ಯಾಸವನ್ನು ಹೇಳಿದರೆ ಅದೂ ನಿಸರ್ಗದ ಮಾತೇ.

ಬೋಧನಾ ಕ್ರಮ: ನಾಲ್ಕು ಹೆಜ್ಜೆಗಳು

*ಮೊದಲನೆಯ ಹೆಜ್ಜೆ, ಮೌನ ವೀಕ್ಷಣೆ.* ಮಕ್ಕಳು ಪಾಠಶಾಲೆಯ ಆವರಣದಲ್ಲಿ ತಮಗೆ ಇಷ್ಟವಾದ ಒಂದೊಂದು ಜಾಗವನ್ನು ಆರಿಸಿಕೊಳ್ಳಲಿ. ಹತ್ತು ನಿಮಿಷ ಮಾತಿಲ್ಲದೆ ನೋಡಲಿ, ಕೇಳಲಿ, ಮೂಸಲಿ, ಮುಟ್ಟಲಿ. ವಾರಕ್ಕೊಮ್ಮೆ ಅದೇ ಜಾಗಕ್ಕೆ ಮರಳಲಿ. ಇರುವೆಯ ಸಾಲು ದಿಕ್ಕು ಬದಲಿಸಿದ್ದು, ಬೇವಿನ ಚಿಗುರಿನ ಬಣ್ಣ ಮಾರ್ಪಟ್ಟಿದ್ದು ಮರಳಿ ನೋಡಿದವರಿಗಷ್ಟೇ ಕಾಣುತ್ತದೆ. ಈ ಹಂತದಲ್ಲಿ ಪ್ರಶ್ನೆಯನ್ನೂ ಕೇಳಬಾರದು, ಬರೆಯಿಸಲೂ ಬಾರದು.

*ಎರಡನೆಯ ಹೆಜ್ಜೆ, ಒಬ್ಬರಿಗೆ ಹೇಳುವುದು.* ಪಕ್ಕದ ಗೆಳೆಯನಿಗೋ ಗೆಳತಿಗೋ ಎರಡು ವಾಕ್ಯಗಳಲ್ಲಿ ಹೇಳಬೇಕು: ಏನು ಕಂಡಿತು? ಅದರಲ್ಲಿ ಏನು ವಿಶೇಷ? ಕೇಳಿದವರು ಒಂದು ಪ್ರಶ್ನೆ ಕೇಳಬೇಕು. ಎಲ್ಲ ಜೋಡಿಗಳೂ ಏಕಕಾಲದಲ್ಲಿ ಮಾತನಾಡುವುದರಿಂದ ತರಗತಿ ಗದ್ದಲದಿಂದ ತುಂಬುತ್ತದೆ. ಅದು ಕಲಿಕೆಯ ಗದ್ದಲ.

*ಮೂರನೆಯ ಹೆಜ್ಜೆ, ನಾಲ್ವರಿಗೆ ಹೇಳುವುದು.* ನಾಲ್ವರ ಗುಂಪಿನಲ್ಲಿ ನಿಂತು, ವಸ್ತುವನ್ನೋ ಚಿತ್ರವನ್ನೋ ಹಿಡಿದು ಒಂದು ನಿಮಿಷ ಮಾತನಾಡಬೇಕು. ಕಂಡದ್ದು, ಕೇಳಿ ತಿಳಿದದ್ದು, ತನಗೆ ಅನಿಸಿದ್ದು ಎಂಬ ಮೂರು ಭಾಗಗಳಿದ್ದರೆ ಸಾಕು. ಬಹುತರಗತಿ ಬೋಧನೆಯಿರುವ ಪಾಠಶಾಲೆಗಳಲ್ಲಿ ಗುಂಪಿಗೆ ಹಿರಿಯ ಮಗುವೊಂದು, ಕಿರಿಯ ಮಗುವೊಂದು ಇರುವಂತೆ ನೋಡಿಕೊಳ್ಳಬೇಕು.

*ನಾಲ್ಕನೆಯ ಹೆಜ್ಜೆ, ಸಭೆಗೆ ಹೇಳುವುದು.* ಪ್ರಾರ್ಥನಾ ಸಮಾವೇಶದಲ್ಲಿ ದಿನಕ್ಕೆ ಒಬ್ಬರಂತೆ ‘ಇಂದು ಕಂಡದ್ದು’ ಎಂಬ ಮಾತು ಸಾಗಲಿ. ಸರದಿ ಹಾಜರಿ ಪಟ್ಟಿಯಂತೆ ಇರಲಿ. ಆಗ ಯಾವ ಮಗುವೂ ತಪ್ಪಿಹೋಗುವುದಿಲ್ಲ. ಇಚ್ಛೆಯಿಲ್ಲದ ಮಗು ಗೆಳೆಯನೊಂದಿಗೆ ನಿಂತು ವಸ್ತುವನ್ನು ತೋರಿಸಿದರೂ ಅದು ಭಾಗವಹಿಸಿದಂತೆಯೇ. ಅಲ್ಲಿಂದ ಬಾಲಸಭೆಗೆ, ಬಳಿಕ ಪೋಷಕರ ಸಭೆಗೆ ಮುಂದುವರಿಯಬಹುದು.

ಮಾದರಿ ಚಟುವಟಿಕೆ 1: ಕಳೆದುಹೋಗುವ ನೆರಳು

ಮಕ್ತಲ್, ಕೃಷ್ಣಾ, ಗದ್ವಾಲ್ ಪ್ರದೇಶಗಳು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೇ ತಿಂಗಳ ಮೊದಲ ವಾರದ ದಿನ ರಜೆಯಲ್ಲಿ ಬರುತ್ತದೆ. ಆಗಸ್ಟ್ ಮೊದಲ ವಾರದ ದಿನ ಪಾಠಶಾಲೆಗೆ ಒದಗುತ್ತದೆ. ನೆಟ್ಟಗಿನ ಒಂದು ಕೋಲನ್ನು ಬಯಲಿನಲ್ಲಿ ನೆಟ್ಟು ಆ ವಾರವಿಡೀ ಮಧ್ಯಾಹ್ನ 12ರಿಂದ 12.45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಹರಳು ಇಡಿಸಬೇಕು. ಸುಮಾರು 12.25ರ ಹೊತ್ತಿಗೆ ನೆರಳು ಅತಿ ಚಿಕ್ಕದಾಗುತ್ತದೆ. ಆ ಒಂದು ದಿನ ಅದು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಗಡಿಯಾರದ 12ಕ್ಕೇ ಹೀಗಾಗದಿರುವುದೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ದೇಶದ ಗಡಿಯಾರವು ಪೂರ್ವದ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ. ಈ ಪ್ರದೇಶ ಅದಕ್ಕಿಂತ ಪಶ್ಚಿಮದಲ್ಲಿದೆ. ಆದ್ದರಿಂದ ಇಲ್ಲಿ ಸೂರ್ಯ ತಡವಾಗಿ ನೆತ್ತಿಗೇರುತ್ತಾನೆ. ಮೋಡ ಕವಿದ ದಿನಗಳೂ ವ್ಯರ್ಥವಲ್ಲ; ‘ಇಂದು ನೆರಳು ಸಿಗಲಿಲ್ಲ’ ಎಂಬುದೂ ದಾಖಲೆಗೆ ಸೇರುವ ಸಂಗತಿ. ಕೋಲಿನ ನೆರಳನ್ನು ಅಳೆದ ಮಕ್ಕಳು ಮುದುಮಾಲದ ಕಲ್ಲುಗಳ ಮುಂದೆ ನಿಂತಾಗ ಕೇಳುವ ಪ್ರಶ್ನೆಗಳು ಬೇರೆಯೇ ಆಗಿರುತ್ತವೆ.

ಮಾದರಿ ಚಟುವಟಿಕೆ 2: ಚಿಗರಿಯ ಸಭೆ (6ರಿಂದ 10ನೆಯ ತರಗತಿ)

ಕೃಷ್ಣಾ, ಮಾಗನೂರು, ಮಕ್ತಲ್ ಮಂಡಲಗಳ ಬಯಲುಗಳಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಊರಿನ ಮಾತಿನಲ್ಲಿ ಅವು ಚಿಗರಿಗಳು. ಗಂಡಿಗೆ ಸುರುಳಿಯಾಕಾರದ ಕೊಂಬುಗಳೂ ಕಪ್ಪು ಮೈಯೂ ಇದ್ದರೆ ಹೆಣ್ಣು ಕಂದು ಬಣ್ಣದ್ದು. ಇವು ದಟ್ಟ ಕಾಡಿನ ಪ್ರಾಣಿಗಳಲ್ಲ. ತೆರೆದ ಹುಲ್ಲುಬಯಲೇ ಇವುಗಳ ನೆಲೆ. ಆ ಬಯಲು ಹೊಲವಾದಂತೆ ಚಿಗರಿಗೆ ಹೊಲವೇ ಬಯಲಾಯಿತು. ಮುಂಗಾರಿನಲ್ಲಿ ಹತ್ತಿ, ತೊಗರಿಗಳು ಮೊಳೆತೊಡನೆ ಹಿಂಡು ಇಳಿದು ಚಿಗುರನ್ನು ಮೇಯುತ್ತದೆ. ರೈತ ಮತ್ತೆ ಬೀಜ ಕೊಂಡು ಬಿತ್ತಬೇಕಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲ ಅನುಸೂಚಿಯಲ್ಲಿರುವ ಕೃಷ್ಣಮೃಗವನ್ನು ಕೊಲ್ಲುವುದು ಗಂಭೀರ ಅಪರಾಧ.

ಇಂತಹ ಊರಿನಲ್ಲಿ ‘ಪ್ರಾಣಿಗಳನ್ನು ಪ್ರೀತಿಸಿ’ ಎಂಬ ಸಿದ್ಧ ಭಾಷಣ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ರಾತ್ರಿಯೆಲ್ಲ ಹೊಲ ಕಾಯ್ದ ತಂದೆಯ ಮಗಳಿಗೆ ಅದನ್ನು ಹೇಳಿಸಿದರೆ ಆಕೆ ಸಭೆಯಲ್ಲಿ ತನ್ನ ಮನೆಯನ್ನೇ ಮರೆಮಾಚಿದಂತಾಗುತ್ತದೆ. ಅದರ ಬದಲು ತರಗತಿಯನ್ನೇ ಸಭೆಯಾಗಿಸಬೇಕು. ಒಂದು ಗುಂಪು ರೈತರಾಗಿ, ಇನ್ನೊಂದು ಗುಂಪು ಅರಣ್ಯ ಇಲಾಖೆಯಾಗಿ, ಮತ್ತೊಂದು ಗುಂಪು ಚಿಗರಿಗಳಾಗಿ, ನಾಲ್ಕನೆಯದು ಗ್ರಾಮ ಪಂಚಾಯಿತಿಯಾಗಿ ಮಾತನಾಡಲಿ. ಮುನ್ನಾದಿನ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರಲಿ: ಯಾವ ತಿಂಗಳಲ್ಲಿ ಹಾನಿ ಹೆಚ್ಚು? ಹಳೆಯ ಸೀರೆಗಳನ್ನು ಸುತ್ತ ಕಟ್ಟುವುದರಿಂದ ಪ್ರಯೋಜನವಾಗುತ್ತದೆಯೇ? ಹಿಂದೆ ಹಿಂಡುಗಳು ಎಲ್ಲಿ ಮೇಯುತ್ತಿದ್ದವು?

ವಿದ್ಯಾರ್ಥಿನಿಯೊಬ್ಬಳ ಮಾತು ಹೀಗಿರಬಹುದು: “ನಮ್ಮ ಹೊಲದಾಗ ಎರಡು ಸಲ ಹತ್ತಿ ಬಿತ್ತೇವಿ. ಎರಡು ಸಲಾನೂ ಚಿಗರಿ ತಿಂದಾವ. ನಮ್ಮಪ್ಪ ರಾತ್ರಿ ಮಲಗಿಲ್ಲ. ನನಗ ಸಿಟ್ಟು ಬಂದದ. ಆದರ ಮುಂಜಾನೆ ಹಿಂಡು ಜಿಗಿಯೋದು ನೋಡಿದರ ಸಿಟ್ಟು ಮರ್ತು ಹೋಗ್ತದ. ಅವುಕ್ಕೂ ಜಾಗ ಬೇಕು, ನಮಗೂ ಬೆಳಿ ಬೇಕು. ಬೆಳಿ ಹೋದವರಿಗೆ ಪರಿಹಾರ ಕೊಡ್ರಿ. ಹುಲ್ಲಿನ ಬಯಲು ಉಳಸ್ರಿ.”

ಈ ಮಾತಿನಲ್ಲಿ ಅನುಭವವಿದೆ, ಎರಡೂ ಪಕ್ಷಗಳ ಅರಿವಿದೆ, ಕೊನೆಯಲ್ಲಿ ಒಂದು ಬೇಡಿಕೆಯೂ ಇದೆ. ಸಾರ್ವಜನಿಕ ಭಾಷಣದ ಲಕ್ಷಣಗಳೆಲ್ಲ ಇಲ್ಲಿವೆ. ಪರಿಹಾರ ಯಾವುದೆಂಬ ತೀರ್ಪನ್ನು ಉಪಾಧ್ಯಾಯರು ನೀಡಬೇಕಾಗಿಲ್ಲ. ಪ್ರತಿಯೊಂದು ಪಕ್ಷದ ಮಾತನ್ನೂ ಪೂರ್ತಿಯಾಗಿ ಕೇಳಲಾಯಿತೇ ಎಂಬುದನ್ನು ನೋಡಿಕೊಂಡರೆ ಸಾಕು.

ಮನೆಮಾತನ್ನು ತಿದ್ದುವ ಬಗೆ

ಮೇಲಿನ ಮಾತನ್ನು ನಡುವೆಯೇ ತಡೆದು ‘ಹೊಲದಾಗ ಅಲ್ಲ, ಹೊಲದಲ್ಲಿ’ ಎಂದು ತಿದ್ದಿದರೆ ಮಗು ಚಿಗರಿಯನ್ನು ಬಿಟ್ಟು ವಿಭಕ್ತಿ ಪ್ರತ್ಯಯವನ್ನು ಯೋಚಿಸತೊಡಗುತ್ತದೆ; ಮಾತು ನಿಲ್ಲುತ್ತದೆ. ಮಾತು ಮುಗಿಯುವವರೆಗೆ ತಿದ್ದಬಾರದು. ಮುಗಿದ ಬಳಿಕ ವಿಷಯವನ್ನು ಕುರಿತು ಮೊದಲು ಪ್ರತಿಕ್ರಿಯಿಸಬೇಕು. ಅನಂತರ ಬೇರೊಂದು ಅವಧಿಯಲ್ಲಿ ‘ಮಳಿ ಬರಾಕತ್ತದ’, ‘ಮಳೆ ಬರುತ್ತಿದೆ’ ಎಂಬ ಎರಡು ರೂಪಗಳನ್ನೂ ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಯಾವುದನ್ನು ಎಲ್ಲಿ ಬಳಸುತ್ತೇವೆಂದು ಮಕ್ಕಳಿಂದಲೇ ಹೇಳಿಸಬೇಕು. ಮನೆಮಾತು ತಪ್ಪಲ್ಲ, ಗ್ರಾಂಥಿಕ ರೂಪವು ಅದಕ್ಕೆ ಸೇರುವ ಮತ್ತೊಂದು ಉಡುಪು. ನಡುವೆ ತೆಲುಗು ಪದ ನುಸುಳಿದರೆ ನಗುವುದಕ್ಕೆ ಯಾರಿಗೂ ಅವಕಾಶ ಕೊಡಬಾರದು.

ಅಂಜಿಕೆಯ ಕುರಿತೂ ಮಕ್ಕಳಿಗೆ ನೇರವಾಗಿ ತಿಳಿಸಬೇಕು. ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಕೈ ನಡುಗುವುದು ಎಲ್ಲರಿಗೂ ಆಗುವಂಥದು. ದೇಹ ಸಿದ್ಧವಾಗುತ್ತಿರುವ ಲಕ್ಷಣವದು. ಎರಡು ಬಾರಿ ನಿಧಾನವಾಗಿ ಉಸಿರು ಬಿಟ್ಟು, ಪರಿಚಿತ ಮುಖವೊಂದನ್ನು ನೋಡಿ, ಮೊದಲ ವಾಕ್ಯವನ್ನು ಮೆಲ್ಲಗೆ ಹೇಳಿದರೆ ಉಳಿದದ್ದು ಸಾಗುತ್ತದೆ.

ಹೊಲದ ಕೆಲಸಕ್ಕೆ ಹೋಗುವ ಮಕ್ಕಳು

ಗದ್ವಾಲ್ ಸೀಮೆ ಬೀಜದ ಹತ್ತಿಗೆ ಹೆಸರಾದುದು. ಸಂಕರ ಬೀಜಕ್ಕಾಗಿ ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಕೈಯಿಂದ ಸವರುತ್ತಾರೆ. ಮಳೆಗಾಲದ ಕೊನೆಯ ಆ ವಾರಗಳಲ್ಲಿ ಕೆಲವು ಮಕ್ಕಳ, ಅದರಲ್ಲಿಯೂ ಹೆಣ್ಣುಮಕ್ಕಳ ಹಾಜರಿ ಇಳಿಯುವ ಸಮಸ್ಯೆ ಉಪಾಧ್ಯಾಯರಿಗೆ ತಿಳಿದದ್ದೇ. ಮಗುವಿನ ಸ್ಥಾನ ಪಾಠಶಾಲೆಯಲ್ಲಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರಳಿ ಬಂದ ಮಗುವನ್ನು ಎಲ್ಲರೆದುರು ಗದರಿಸಿದರೆ ಅದು ಮತ್ತೆ ದೂರವಾಗುತ್ತದೆ. ಹೂವಿನ ಭಾಗಗಳ ಪಾಠ ಬಂದಾಗ ಅದೇ ಮಗುವನ್ನು ಮುಂದೆ ಕರೆದು, ಕೇಸರ ಮತ್ತು ಶಲಾಕೆಗಳನ್ನು ತೋರಿಸಿ ವಿವರಿಸುವಂತೆ ಕೇಳಬಹುದು. ತರಗತಿಯಲ್ಲಿ ಅದರಷ್ಟು ಚೆನ್ನಾಗಿ ಆ ಹೂವನ್ನು ಬಲ್ಲವರು ಯಾರೂ ಇರುವುದಿಲ್ಲ. ತನ್ನ ತಿಳಿವಳಿಕೆಗೆ ತರಗತಿಯಲ್ಲಿ ಗೌರವವಿದೆಯೆಂದು ಕಂಡ ಮಗುವಿಗೆ ಪಾಠಶಾಲೆಗೆ ಬರಲು ಒಂದು ಕಾರಣ ಹೆಚ್ಚಾಗುತ್ತದೆ.

ಮುನ್ನೆಚ್ಚರಿಕೆಗಳು

1. ಹೊರಸಂಚಾರಕ್ಕೆ ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಅನುಮತಿ ಪಡೆಯಬೇಕು. ಇಬ್ಬರು ಹಿರಿಯರಾದರೂ ಜೊತೆಗಿರಬೇಕು.
2. ಪ್ರವಾಹದ ದಿನಗಳಲ್ಲಿ ನದಿಯ ದಂಡೆಗೆ ಹೋಗಲೇಬಾರದು. ಕೃಷ್ಣೆಯಲ್ಲಿ ಮೊಸಳೆಗಳಿವೆ; ಉಳಿದ ದಿನಗಳಲ್ಲಿಯೂ ನೀರಿಗೆ ಇಳಿಸಬಾರದು.
3. ಹುತ್ತ, ಕಲ್ಲಿನ ಸಂದುಗಳಲ್ಲಿ ಕೈ ಹಾಕಬಾರದು. ಹಾವು ಕಚ್ಚಿದರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.
4. ಗೂಡು, ಮೊಟ್ಟೆಗಳನ್ನು ಮುಟ್ಟಬಾರದು. ಬಿದ್ದ ಎಲೆ, ಕಾಯಿ, ಗರಿಗಳನ್ನಷ್ಟೇ ಆರಿಸಿ, ಮಾತು ಮುಗಿದ ಮೇಲೆ ಸ್ಥಳದಲ್ಲಿಯೇ ಬಿಡಬೇಕು. ಮುದುಮಾಲದ ಕಲ್ಲುಗಳ ಮೇಲೆ ಏರುವುದಾಗಲಿ ಗೀಚುವುದಾಗಲಿ ಕೂಡದು.

ಮೌಲ್ಯಮಾಪನ

ನಿರ್ಮಾಣಾತ್ಮಕ ಮೌಲ್ಯಮಾಪನದಲ್ಲಿ ಈ ಚಟುವಟಿಕೆಗಳನ್ನು ಪರಿಗಣಿಸುವಾಗ ಮಗುವನ್ನು ಮತ್ತೊಂದು ಮಗುವಿನೊಂದಿಗೆ ಹೋಲಿಸದೆ ಅದರ ಹಿಂದಿನ ಮಾತಿನೊಂದಿಗೆ ಹೋಲಿಸಬೇಕು. ಸ್ವಂತ ವೀಕ್ಷಣೆ ಇದೆಯೇ? ಮಾತಿಗೆ ಕ್ರಮವಿದೆಯೇ? ಹಿಂದಿನ ಸಾಲಿಗೆ ಕೇಳಿಸಿತೇ? ಪ್ರಶ್ನೆಗೆ ಉತ್ತರಿಸಿತೇ? ಇತರರ ಮಾತನ್ನು ಆಲಿಸಿತೇ? ಎಂಬ ಐದು ಅಂಶಗಳು ಸಾಕು. ಜೂನ್ ತಿಂಗಳಲ್ಲಿ ವಸ್ತುವನ್ನು ತೋರಿಸಿ ಸುಮ್ಮನೆ ನಿಂತ ಮಗು ಡಿಸೆಂಬರಿನಲ್ಲಿ ಎರಡು ವಾಕ್ಯ ನುಡಿದರೆ ಅದು ದೊಡ್ಡ ಪ್ರಗತಿ.

ಉಪಸಂಹಾರ

ಕನ್ನಡ ಮಾಧ್ಯಮದ ಪಾಠಶಾಲೆಗೆ ಮಗುವನ್ನು ಕಳಿಸಬೇಕೇ ಎಂದು ಗಡಿಯ ಪೋಷಕರು ಪ್ರತಿ ಜೂನ್ ತಿಂಗಳಲ್ಲಿ ಯೋಚಿಸುತ್ತಾರೆ. ಪೋಷಕರ ಸಭೆಯಲ್ಲಿ ಐದನೆಯ ತರಗತಿಯ ಮಗುವೊಂದು ಎದ್ದು ನಿಂತು, ತಮ್ಮದೇ ಊರಿನ ಹೊಳೆ, ಮರ, ಹೊಲಗಳನ್ನು ಕುರಿತು ತಮ್ಮದೇ ಮಾತಿನಲ್ಲಿ ಸ್ಪಷ್ಟವಾಗಿ ಹೇಳುವುದನ್ನು ಕೇಳಿದಾಗ ಆ ಪ್ರಶ್ನೆಗೆ ಅವರಿಗೆ ಒಂದು ಉತ್ತರ ದೊರೆಯುತ್ತದೆ.

ಉಪಾಧ್ಯಾಯರ ಚಿಂತನೆಗೆ

1. ನಿಮ್ಮ ಪಾಠಶಾಲೆಯ ಸುತ್ತ ಅರ್ಧ ಕಿಲೋಮೀಟರಿನೊಳಗೆ ಮಕ್ಕಳು ವರ್ಷವಿಡೀ ಗಮನಿಸಬಹುದಾದ ಹತ್ತು ಸಂಗತಿಗಳನ್ನು ಕನ್ನಡ ಮತ್ತು ತೆಲುಗು ಹೆಸರುಗಳೊಂದಿಗೆ ಪಟ್ಟಿಮಾಡಿರಿ.
2. ಕಳೆದ ವರ್ಷ ಒಮ್ಮೆಯೂ ಸಭೆಯಲ್ಲಿ ಮಾತನಾಡದ ಮಕ್ಕಳು ಯಾರು? ಅವರಲ್ಲಿ ಪ್ರತಿಯೊಬ್ಬರಿಗೂ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಗುರುತಿಸಿರಿ.
3. ಚಿಗರಿಯಂತೆ ಎರಡು ಪಕ್ಷಗಳಿರುವ ನಿಮ್ಮ ಊರಿನ ಒಂದು ಸಮಸ್ಯೆಯನ್ನು ಆರಿಸಿ, ‘ಸಭೆ’ ಚಟುವಟಿಕೆಯನ್ನು ರೂಪಿಸಿರಿ.